ಅಂಗಿಗೆ ಒಂದು ಗುಂಡಿ ಜಾಸ್ತಿ

2025 ಜೂನ್ 14, ಶನಿವಾರ

ಬೆಳಗ್ಗೆ 8ಕ್ಕೆ ಕೂತವನು ಈಗ ಎದ್ದಿದ್ದೇನೆ. ರಾತ್ರಿ ಹನ್ನೊಂದೂವರೆ. ಊಟಕ್ಕೆ ಎದ್ದಿದ್ದು ಬಿಟ್ಟರೆ ಇಡೀ ದಿನ ಒಂದೇ ಫೋಟೋ.

ಚಿಕ್ಕಮ್ಮ ಹೋದ ವಾರವೇ ಅಜ್ಜನ ಹಳೇ ಕಪ್ಪು-ಬಿಳುಪು ಫೋಟೋ ಸ್ಕ್ಯಾನ್ ಮಾಡಿಸಿ ಕಳಿಸಿದ್ದರು. ಯಾವಾಗಲೋ ಯಾರೋ ಅದನ್ನು ಮಡಚಿಟ್ಟಿದ್ದಾರೆ. ಎದೆಯ ಮೇಲೆ ಅಡ್ಡಕ್ಕೆ ಬೆಳ್ಳಗೆ ಒಂದು ಗೆರೆ, ಉಳಿದ ಕಡೆಯೆಲ್ಲ ಸಣ್ಣ ಸಣ್ಣ ಗೀರು, ಚುಕ್ಕೆ. "ನಿನಗೆ ಕಂಪ್ಯೂಟರ್ ಬರುತ್ತಲ್ಲ, ಸ್ವಲ್ಪ ಸರಿ ಮಾಡಿಕೊಡೋ" ಅಂದಿದ್ದರು. ಆ "ಸ್ವಲ್ಪ" ಅನ್ನೋ ಮಾತನ್ನು ನಂಬಿ ಕೂತೆ ನೋಡಿ.

ಮೊದಲ ಅರ್ಧ ಗಂಟೆ ಸುಮ್ನೆ ಹೋಯಿತು. ಫೋಟೋ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ತೆರೆದರೆ ಫಿಲ್ಟರ್ ಮೆನುವಿನಲ್ಲಿ ನನಗೆ ಬೇಕಾದ ಪ್ಲಗಿನ್‌ಗಳೆಲ್ಲ (ಗಿಂಪ್‌ಗೆ ಹೊರಗಿನಿಂದ ಸೇರಿಸಿಕೊಳ್ಳುವ ಸಣ್ಣ ಸಾಧನಗಳು) ಮಂಕಾಗಿ ಕೂತಿವೆ, ಒತ್ತಿದರೆ ಏನೂ ಆಗಲ್ಲ. ಪ್ಲಗಿನ್ ಕೆಟ್ಟಿದೆ ಅಂತ ಅಳಿಸಿ ಮತ್ತೆ ಹಾಕಿದೆ. ಆಮೇಲೆ ಗಿಂಪ್ ಕಿಟಕಿಯ ತಲೆಪಟ್ಟಿಯ ಮೇಲೆ ಕಣ್ಣು ಬಿತ್ತು. ಸ್ಕ್ಯಾನ್ ಮಾಡಿದವರು ಅದನ್ನು ಗಿಫ್ ಫೈಲಾಗಿ ಉಳಿಸಿದ್ದಾರೆ! ಗಿಫ್ ತೆರೆದರೆ ಗಿಂಪ್ ಅದನ್ನು ಇಂಡೆಕ್ಸ್ಡ್ ಮೋಡ್‌ನಲ್ಲಿ ಇಡುತ್ತದೆ, ಅಂದರೆ ಹೆಚ್ಚೆಂದರೆ 256 ಬಣ್ಣದ ಒಂದು ಪಟ್ಟಿ, ಅದರಾಚೆ ಬೇರೆ ಬಣ್ಣ ಇಲ್ಲ. ಎಷ್ಟೋ ಪ್ಲಗಿನ್‌ಗಳಿಗೆ ಆ ಮೋಡ್ ಆಗಿಬರಲ್ಲ. ಇಮೇಜ್ ಮೆನುವಿಗೆ ಹೋಗಿ ಮೋಡ್ ಅನ್ನು ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆರೆಸಿ ಬಣ್ಣ ಕೊಡುವ ಮೋಡ್) ಮಾಡಿದ ಕೂಡಲೇ ಎಲ್ಲ ಜೀವ ಬಂದು ಎದ್ದು ಕೂತವು. ಪುಣ್ಯಕ್ಕೆ ಫೋಟೋ ಕಪ್ಪು-ಬಿಳುಪು, ಬೂದು ಬಣ್ಣದ ಮಟ್ಟಗಳಿಗೆ 256 ಸಾಕು, ಹಾಗಾಗಿ ಹಾಳಾಗಿರಲಿಲ್ಲ. ಕಲರ್ ಫೋಟೋ ಆಗಿದ್ದರೆ ಕಥೆ ಮುಗೀತಿತ್ತು.

ಇದು ನಡೆದಿದ್ದು ಗಿಂಪ್‌ನ ಹಳೇ ಆವೃತ್ತಿ 2.10ರಲ್ಲಿ. ನನ್ನ ಹತ್ತಿರ ಎರಡೂ ಇವೆ, 2018ರ 2.10 ಮತ್ತು ಈ ಮಾರ್ಚ್ 16ಕ್ಕೆ ಬಂದ 3.0. ಏಳು ವರ್ಷ ಕಾದು ಬಂದಿದ್ದು ಅಂತ ಖುಷಿಯಿಂದ ಹಾಕಿಕೊಂಡು, ಹಳೇ ಪ್ಲಗಿನ್ ಫೋಲ್ಡರ್‌ನಲ್ಲಿ ಇದ್ದಿದ್ದನ್ನೆಲ್ಲ ಹಾಗೇ ಎತ್ತಿ ಹೊಸದಕ್ಕೆ ಹಾಕಿದ್ದೆ. ಒಂದೂ ಮೆನುವಿನಲ್ಲಿ ಬರಲಿಲ್ಲ. ಎರರ್ ಕೂಡ ಇಲ್ಲ, ಇವು ಯಾವುದೂ ಹುಟ್ಟೇ ಇಲ್ಲ ಅನ್ನೋ ಹಾಗೆ. ಟರ್ಮಿನಲ್‌ನಿಂದ ಗಿಂಪ್ ಶುರು ಮಾಡಿದಾಗ ಗುಟ್ಟು ಹೊರಬಿತ್ತು, ಉದ್ದಕ್ಕೂ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಬೈಗುಳ. ಹಳೇ ಪ್ಲಗಿನ್‌ಗಳು ಪೈಥಾನ್ 2ರಲ್ಲಿ ಬರೆದವು, 3.0ಕ್ಕೆ ಪೈಥಾನ್ 3 ಬೇಕು. ಅವು ನೆಚ್ಚಿಕೊಂಡಿದ್ದ ಗಿಂಪ್‌ಫು ಅನ್ನೋ ಮಾಡ್ಯೂಲೇ ಈಗ ಇಲ್ಲ. ಜೊತೆಗೆ ಪ್ರತಿ ಪ್ಲಗಿನ್ನೂ ತನ್ನದೇ ಹೆಸರಿನ ಫೋಲ್ಡರ್ ಒಳಗೆ ಇರಬೇಕು, ಸುಮ್ನೆ ಫೈಲ್ ತಂದು ಸುರಿದರೆ ನಡೆಯಲ್ಲ. ಲಿನಕ್ಸ್ ಆದರೆ ಆ ಫೈಲಿಗೆ ಓಡುವ ಅನುಮತಿಯನ್ನೂ ಕೊಡಬೇಕು. ನಾನು ಇದನ್ನು ಪ್ರತಿ ಸಲ ಮರೆಯುತ್ತೇನೆ, ಪ್ರತಿ ಸಲ ಹೊಸದಾಗಿ ಕಂಡುಹಿಡಿಯುತ್ತೇನೆ.

ಹಾಗಾಗಿ ಮಡಿಕೆಯ ಕೆಲಸ ಹಳೇ 2.10ರಲ್ಲೇ ಮಾಡೋಣ ಅಂತ ಆಯಿತು. ಅಲ್ಲಿ ರಿಸಿಂಥಸೈಜರ್ ಇದೆ. ಇದು ಗೊತ್ತಿಲ್ಲದವರಿಗೆ: ಬೇಡವಾದ ಜಾಗದ ಸುತ್ತ ಸೆಲೆಕ್ಷನ್ ಹಾಕಿ ಹೀಲ್ ಸೆಲೆಕ್ಷನ್ ಅಂತ ಒತ್ತಿದರೆ ಅಕ್ಕಪಕ್ಕದ ಚೂರುಗಳನ್ನು ನೋಡಿ, ಅಂಥದ್ದೇ ಚೂರುಗಳಿಂದ ಆ ಜಾಗ ತುಂಬುತ್ತದೆ. ತೇಪೆ ಹಾಕುವ ದರ್ಜಿ ಅಂದುಕೊಳ್ಳಿ, ಆದರೆ ಬಟ್ಟೆಯನ್ನು ಅದೇ ಅಂಗಿಯಿಂದ ಕತ್ತರಿಸುತ್ತಾನೆ. ಎಷ್ಟು ದೂರದವರೆಗೆ ನೋಡಬೇಕು ಅಂತ ಪಿಕ್ಸೆಲ್ ಲೆಕ್ಕದಲ್ಲಿ ಹೇಳಬಹುದು, ಮೊದಲೇ 50 ಅಂತ ಇರುತ್ತದೆ. ಎಲ್ಲ ಕಡೆಯಿಂದ ತಗೋಬೇಕಾ, ಬರೀ ಪಕ್ಕದಿಂದಲಾ, ಬರೀ ಮೇಲೆ-ಕೆಳಗಿನಿಂದಲಾ ಅನ್ನೋದನ್ನೂ ಕೇಳುತ್ತದೆ. ಮಡಿಕೆ ಅಡ್ಡಕ್ಕಿದೆ, ಅದಕ್ಕೆ ಮೇಲೆ-ಕೆಳಗೆ ಅಂದೆ. 600 ಡಿಪಿಐ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್‌ಗೆ 50 ಪಿಕ್ಸೆಲ್ ಅಂದರೆ 2 ಮಿಲಿಮೀಟರ್ ಅಷ್ಟೇ. ಸಾಲಲ್ಲ ಅನ್ನಿಸಿ 200 ಮಾಡಿದೆ. ಐದಾರು ತುಂಡಾಗಿ ಹೀಲ್ ಮಾಡಿದ್ದಕ್ಕೆ ಗೆರೆ ಮಾಯ. ಅಂಗಿಯ ನೆರಿಗೆ ಕೂಡ ಸರಿಯಾಗಿ ಮುಂದುವರಿದಿತ್ತು. ಒಬ್ಬನೇ ಕೂತು ಚಪ್ಪಾಳೆ ಹೊಡೆದೆ.

ಅಲ್ಲಿಗೆ ನಿಲ್ಲಿಸಿದ್ದರೆ ಮಧ್ಯಾಹ್ನವೇ ಮುಗೀತಿತ್ತು. ಆದರೆ ಗಿಮಿಕ್ ಅನ್ನೋ ಇನ್ನೊಂದು ಪ್ಲಗಿನ್ ಇದೆಯಲ್ಲ! ಫ್ರಾನ್ಸ್‌ನ ಒಂದು ಸಂಶೋಧನಾ ಲ್ಯಾಬ್‌ನಲ್ಲಿ 2008ರಲ್ಲಿ ಶುರುವಾಗಿದ್ದು, ಈಗ ಅದರಲ್ಲಿ 500ಕ್ಕೂ ಹೆಚ್ಚು ಎಫೆಕ್ಟ್‌ಗಳಿವೆ. ಇದಕ್ಕೆ 3.0ಕ್ಕೆ ಹೊಂದುವ ಆವೃತ್ತಿಯೂ ಸಿಗುತ್ತದೆ, ಹಾಗಾಗಿ ಫೈಲನ್ನು 3.0ರಲ್ಲಿ ತೆರೆದೆ. ಗಿಮಿಕ್ ಒಳಗೆ ಹೋದರೆ ವಾಪಸ್ ಬರೋದು ಕಷ್ಟ. ಎಣ್ಣೆ ಚಿತ್ರ, ಪೆನ್ಸಿಲ್, ಹಳೇ ಫಿಲ್ಮ್ ಬಣ್ಣ, ಒಂದಾದ ಮೇಲೊಂದು ಪ್ರಿವ್ಯೂ ನೋಡುತ್ತಾ ಒಂದೂವರೆ ಗಂಟೆ. ಇದರಲ್ಲಿ ಒಂದೂ ಅಜ್ಜನ ಫೋಟೋಗೆ ಬೇಕಾಗಿರಲಿಲ್ಲ. ಕೊನೆಗೆ ರಿಪೇರಿ ವಿಭಾಗದಲ್ಲಿರುವ ಅನಿಸೊಟ್ರೊಪಿಕ್ ಸ್ಮೂತ್ ಹಚ್ಚಿದೆ. ಮಾಮೂಲಿ ಬ್ಲರ್ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ, ಇದು ಅಂಚನ್ನು ಗುರುತಿಸಿ, ಅದನ್ನು ದಾಟದೆ ಅದರ ಉದ್ದಕ್ಕೇ ನಯ ಮಾಡುತ್ತದೆ. ಸ್ಲೈಡರ್ ಸ್ವಲ್ಪ ಜಾಸ್ತಿ ಎಳೆದೆ. ಚುಕ್ಕೆ ಹೋಯಿತು, ಗೀರು ಹೋಯಿತು, ಮೀಸೆಯ ಅಂಚು ಮಾತ್ರ ಹಾಗೇ ಉಳಿಯಿತು. ಚಿಕ್ಕಮ್ಮನಿಗೆ ಕಳಿಸಿಯೇಬಿಟ್ಟೆ.

ಐದು ನಿಮಿಷಕ್ಕೆ ಫೋನ್. "ಚೆನ್ನಾಗಿದೆ ಕಣೋ. ಆದರೆ ಇದು ಯಾರು?"

"ಅಜ್ಜ ಅಲ್ವಾ ಚಿಕ್ಕಮ್ಮ?"

"ಅಪ್ಪನ ಮುಖ ಇಷ್ಟು ನುಣುಪಾಗಿ ಎಲ್ಲಿತ್ತೋ? ಸಿಡುಬಿನ ಕಲೆ ಇತ್ತಲ್ಲ, ಕೆನ್ನೆ ತುಂಬ."

ಮೂಲ ಸ್ಕ್ಯಾನ್ ತೆಗೆದು 200 ಪರ್ಸೆಂಟಿಗೆ ಜೂಮ್ ಮಾಡಿದೆ. ಹೌದು. ಎಡ ಕೆನ್ನೆಯ ಮೇಲೆ ಒತ್ತೊತ್ತಾಗಿ ಸಣ್ಣ ಗುಳಿಗಳು, ಒಂದೊಂದಕ್ಕೂ ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ನೆರಳು. ನಾನು ಅದನ್ನು ಫೋಟೋದ ಮೇಲಿನ ಕೊಳೆ ಅಂದುಕೊಂಡಿದ್ದೆ. ಪ್ಲಗಿನ್‌ಗೂ ಹಾಗೇ ಕಂಡಿದೆ, ಅದನ್ನೇನು ಬೈಯೋದು. ಅಜ್ಜನನ್ನು ನಾನು ನೋಡಿದವನಲ್ಲ.

ಅನ್‌ಡೂ ಮಾಡೋಣ ಅಂದರೆ ಅದರ ಮೇಲೆ ಬೇರೆ ಹತ್ತು ಕೆಲಸ ಮಾಡಿಬಿಟ್ಟಿದ್ದೆ. ಇಲ್ಲಿ ನನ್ನದೇ ತಪ್ಪು ತಿಳುವಳಿಕೆ ಒಂದಿತ್ತು. 3.0ರಲ್ಲಿ ಫಿಲ್ಟರ್ ಹಚ್ಚಿದರೆ ಅದು ಚಿತ್ರಕ್ಕೆ ಅಂಟಿಕೊಳ್ಳಲ್ಲ, ಲೇಯರ್ (ಒಂದರ ಮೇಲೊಂದು ಇಡುವ ಚಿತ್ರದ ಪದರ) ಪಕ್ಕದಲ್ಲಿ ಎಫ್‌ಎಕ್ಸ್ ಅಂತ ಒಂದು ಗುರುತು ಬರುತ್ತದೆ, ಬೇಕಾದಾಗ ಆಫ್ ಮಾಡಬಹುದು, ಅಳತೆ ಬದಲಾಯಿಸಬಹುದು. ಇನ್ನು ಹೆದರಿಕೆಯೇ ಇಲ್ಲ ಅಂದುಕೊಂಡಿದ್ದೆ. ಆದರೆ ಆ ಸೌಲಭ್ಯ ಗಿಂಪ್‌ನ ಒಳಗೆ ಗೆಗಲ್ ಅನ್ನೋ ಎಂಜಿನ್‌ನಿಂದ ನಡೆಯುವ ಫಿಲ್ಟರ್‌ಗಳಿಗೆ ಮಾತ್ರ. ಗಿಮಿಕ್ ಥರದ ಹೊರಗಿನ ಪ್ಲಗಿನ್ ಪಿಕ್ಸೆಲ್‌ಗಳನ್ನೇ ತಿದ್ದಿ ಬರೆದುಬಿಡುತ್ತದೆ. ಅಲ್ಲಿ ಎಫ್‌ಎಕ್ಸ್ ಗುರುತೂ ಇಲ್ಲ, ಆಮೇಲೆ ಆಫ್ ಮಾಡೋದೂ ಇಲ್ಲ. ಪ್ಲಗಿನ್ ಮುಟ್ಟುವ ಮೊದಲು ಲೇಯರ್‌ನ ನಕಲು ಮಾಡಿಕೋ ಅನ್ನೋ ಹಳೇ ಪಾಠ 3.0ಕ್ಕೂ ಅನ್ವಯಿಸುತ್ತದೆ, ನಾನೇ ಮರೆತಿದ್ದು. ಅಂದಹಾಗೆ 3.0ರಲ್ಲಿ ಉಳಿಸಿದ ಎಕ್ಸ್‌ಸಿಎಫ್ (ಗಿಂಪ್‌ನದೇ ಸ್ವಂತ ಬಗೆಯ) ಫೈಲ್ 2.10ರಲ್ಲಿ ಸರಿಯಾಗಿ ತೆರೆಯುತ್ತದೆ ಅಂತಲೂ ನಂಬಿಕೊಳ್ಳಬೇಡಿ.

ಹೀಲ್ ಆದ ಮೇಲೆ ಉಳಿಸಿದ್ದ ಫೈಲ್ ಒಂದಿತ್ತು, ಬದುಕಿದೆ. ಅದನ್ನು ತೆರೆದು, ಲೇಯರ್ ನಕಲು ಮಾಡಿ, ಮೇಲಿನದಕ್ಕೆ ಮಾತ್ರ ಗಿಮಿಕ್ ಹಚ್ಚಿ, ಬಿಳಿ ಮಾಸ್ಕ್ ಹಾಕಿದೆ. ಮಾಸ್ಕ್ ಮೇಲೆ ಕಪ್ಪು ಬಣ್ಣ ಬಳಿದಲ್ಲೆಲ್ಲ ಕೆಳಗಿನ ಲೇಯರ್ ಇಣುಕುತ್ತದೆ. ಮೆತ್ತನೆ ಬ್ರಷ್, 30 ಪರ್ಸೆಂಟ್ ಒಪಾಸಿಟಿ (ಬಣ್ಣ ತೆಳ್ಳಗೆ ಬೀಳುವ ಹಾಗೆ), ಕೆನ್ನೆಯ ಮೇಲೆ ನಿಧಾನಕ್ಕೆ. ಒಂದೊಂದು ಸಲ ಬಳಿದಾಗಲೂ ಗುಳಿಗಳು ಒಂದೊಂದಾಗಿ ಎದ್ದು ಬಂದವು. ನಿಜವಾದ ಗೀರು ಎರಡು ಮೂರು ಕೂಡ ಜೊತೆಗೆ ಬಂದವು, ಅವನ್ನು ಗಿಂಪ್‌ನ ಮಾಮೂಲಿ ಹೀಲ್ ಟೂಲ್‌ನಿಂದ ಕೈಯಲ್ಲೇ ತೆಗೆದೆ. ಯಾವುದು ಗೀರು, ಯಾವುದು ಕಲೆ ಅಂತ ಚಿಕ್ಕಮ್ಮನಿಗೆ ಎರಡು ಸಲ ಫೋನ್ ಮಾಡಿ ಕೇಳಿದೆ.

ಕಳಿಸಿದ್ದೇನೆ. ಮಲಗಿರಬೇಕು, ಇನ್ನೂ ನೋಡಿಲ್ಲ.

2025 ಜೂನ್ 15, ಭಾನುವಾರ

"ಹ್ಞಾಂ, ಇದು ಅಪ್ಪ" ಅಂತ ಬೆಳಗ್ಗೆ ಮೆಸೇಜ್ ಬಂದಿದೆ. ದೊಡ್ಡದಾಗಿ ಪ್ರಿಂಟ್ ಹಾಕಿಸೋಕೆ ಕೊಟ್ಟೂ ಆಗಿದೆಯಂತೆ.

ಕಾಫಿ ಕುಡೀತಾ ಸುಮ್ನೆ ಫೋಟೋ ಮತ್ತೆ ನೋಡುತ್ತಿದ್ದೆ. ಎರಡನೇ ಗುಂಡಿಗೂ ಮೂರನೇ ಗುಂಡಿಗೂ ನಡುವೆ, ಸರಿಯಾಗಿ ಮಡಿಕೆ ಇದ್ದ ಜಾಗದಲ್ಲಿ, ಇನ್ನೊಂದು ಗುಂಡಿ ಇದೆ. ಮೂಲ ಸ್ಕ್ಯಾನ್‌ನಲ್ಲಿ ಇಲ್ಲ. 200 ಪಿಕ್ಸೆಲ್ ಅಂದೆನಲ್ಲ, ರಿಸಿಂಥಸೈಜರ್ ಮೇಲಿನ ಗುಂಡಿಯವರೆಗೂ ಕೈ ಚಾಚಿ ಅದನ್ನೂ ನಕಲು ಹೊಡೆದಿದೆ. ನೂಲು ಹಾಕಿದ ತೂತು ಕೂಡ ಇದೆ, ಅಷ್ಟು ಅಚ್ಚುಕಟ್ಟು.

ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ.