ಒಂದೇ ಮುದ್ದೆ, ಐದು ಹಬ್ಬ: ಮಣ್ಣಿನ ಕೆಲಸದ ದಿನಚರಿ

ನಮ್ಮ ಧಾರವಾಡದ ಕಡೆ ವರ್ಷಕ್ಕೆ ಐದು ಸಲ ಮಣ್ಣಿನ ಪೂಜೆ ಬರುತ್ತದೆ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಮೊದಲು ಗಣಪ್ಪ, ಅವನ ಬೆನ್ನಿಗೇ ಜೋಕುಮಾರ. ಐದೂ ಹಸಿಮಣ್ಣಿನವು, ಒಂದನ್ನೂ ಆವಿಗೆಯಲ್ಲಿ ಸುಡುವುದಿಲ್ಲ, ಒಂದನ್ನೂ ಮುಂದಿನ ವರ್ಷಕ್ಕೆಂದು ತೆಗೆದಿಡುವುದಿಲ್ಲ. 2025ರಲ್ಲಿ ಪೇಟೆಯಿಂದ ಮೂರ್ತಿ ತರುವುದನ್ನು ಬಿಟ್ಟು, ಒಂದೇ ಮುದ್ದೆ ಮಣ್ಣಿನಿಂದ ಒಂದಾದ ಮೇಲೊಂದನ್ನು ನನ್ನ ಕೈಯಿಂದ ಮಾಡಿ, ಪೂಜೆಯಾದ ಮೇಲೆ ಮನೆಯ ಬಕೆಟ್ಟಿನಲ್ಲಿ ಕರಗಿಸಿ, ಅದೇ ಮಣ್ಣನ್ನು ಮತ್ತೆ ಹದ ಮಾಡಿ ಮುಂದಿನ ಹಬ್ಬಕ್ಕೆ ಬಳಸಬೇಕೆಂದು ನಿಶ್ಚಯಿಸಿದೆ.

ಇದಕ್ಕೆ ಕಾರಣವಿದೆ. ನಾನು ಇಪ್ಪತ್ತು ವರ್ಷಗಳಿಂದ ಕಸೂತಿ ಹಾಕುತ್ತಿದ್ದೇನೆ. ಇಳಕಲ್ ಸೀರೆಯ ಮೇಲೆ ಹಾಕಿದ ಗೋಪುರ, ತೇರು, ತುಳಸಿಕಟ್ಟೆ ಮೂವತ್ತು ವರ್ಷ ಉಳಿಯುತ್ತವೆ. ಮದುವೆ ಮನೆಯಲ್ಲಿ ಯಾರೋ ಸೆರಗು ಹಿಡಿದು ನೋಡಿ ಇದು ಇಂಥವರ ಕೈಕೆಲಸ ಎಂದರೆ ಆ ಮಾತು ನನ್ನ ಎದೆಯಲ್ಲಿ ಎಷ್ಟೋ ದಿನ ಬೆಚ್ಚಗೆ ಕೂತಿರುತ್ತದೆ. ಅದೇ ಅವಧಿಯಲ್ಲಿ ಸೋಮವಾರಕ್ಕೊಮ್ಮೆ ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಹೋಗಿ ಶಾಸ್ತ್ರ ಕೇಳುವ ರೂಢಿಯೂ ಬೆಳೆದಿದೆ. ಕೇಳಿದ ಮಾತಿಗೂ ಎದೆಯಲ್ಲಿ ಕೂತ ಮಾತಿಗೂ ಹೊಂದಿಕೆಯಾಗದಿರುವುದು ನನ್ನನ್ನು ಬಹಳ ಕಾಡಿದ್ದರಿಂದ, ಉಳಿಯುವ ನೂಲನ್ನು ಬದಿಗಿಟ್ಟು ಉಳಿಯದ ಮಣ್ಣನ್ನು ಕೈಗೆತ್ತಿಕೊಂಡೆ. ದಿನಚರಿಯ ಮೊದಲ ಪುಟದಲ್ಲಿ, ‘ನಾನು ಎಂಬುದನ್ನು ಈ ಮಣ್ಣಿನ ಜೊತೆಗೆ ಕರಗಿಸಬೇಕು’ ಎಂದು ಬರೆದುಕೊಂಡೆ. ಆ ಸಾಲನ್ನು ಹೊಡೆದುಹಾಕಿಲ್ಲ. ಆದರೆ ಅದರ ಅರ್ಥ ಮೂರು ತಿಂಗಳಲ್ಲಿ ಬೇರೆಯೇ ಆಯಿತು.

ಜೂನ್ 10

ಮಣ್ಣು ಹೊಂದಿಸುವುದೇ ಮೊದಲ ಪಾಠವಾಯಿತು. ನವಲಗುಂದದ ಕಡೆಯ ತವರಿನ ಹೊಲದಿಂದ ಎರೆಮಣ್ಣು ತರಿಸಿದ್ದೆ. ಕೈಗೆ ಬೆಣ್ಣೆಯಂತೆ ಹತ್ತುವ, ಬೆರಳಿನ ಗೆರೆಯನ್ನೂ ಹಿಡಿಯುವ ಮಣ್ಣು ಅದು. ಆದರೆ ಎರೆಮಣ್ಣು ನೀರು ಕುಡಿದಾಗ ಎಷ್ಟು ಉಬ್ಬುತ್ತದೆಯೋ ಆರುವಾಗ ಅಷ್ಟೇ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಗುಣವೇ ಅಂಗೈಯಗಲದ ಎತ್ತಿನ ಬೆನ್ನಿನ ಮೇಲೂ ಕಾಣಿಸಿಕೊಂಡಿತು. ಪ್ರಯೋಗಕ್ಕೆಂದು ಮಾಡಿದ ಮೊದಲ ಎತ್ತನ್ನು ಬೇಗ ಒಣಗಲೆಂದು ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಸಂಜೆಗೆ ಕುತ್ತಿಗೆ ಬೇರೆ, ಮೈ ಬೇರೆ ಆಗಿತ್ತು.

ಕುಂಬಾರ ಓಣಿಯ ಆಯಿಯೊಬ್ಬರ ಬಳಿ ಹೋಗಿ ತೋರಿಸಿದೆ. ಅವರು ಬಿರುಕಿನೊಳಗೆ ಉಗುರು ಆಡಿಸಿ ನೋಡಿ, “ಬಿಸಿಲಿಗೆ ಇಟ್ಟೀಯೇನವ್ವಾ? ಹೊರಗ ಆರೇತಿ, ಒಳಗ ಹಸಿ ಐತಿ. ಹೊರಗಿಂದು ಜಗ್ಗತೈತಿ, ಒಳಗಿಂದು ಬರೂದಿಲ್ಲ. ಮತ್ತ ಒಡೀದ ಏನ ಮಾಡೀತು?” ಎಂದರು. ಅವರು ಹೇಳಿದಂತೆ ಮೂರು ಕಿಲೊ ಕೆರೆಮಣ್ಣು, ಒಂದೂವರೆ ಕಿಲೊ ಕೆಮ್ಮಣ್ಣು, ಅರ್ಧ ಕಿಲೊ ಎರೆ ಸೇರಿಸಿ, ಜರಡಿ ಹಿಡಿದು, ಎರಡು ದಿನ ನೆನೆಯಿಟ್ಟು, ಬಿಡಿಸಿದ ಅರಳೆಯನ್ನು ಎಳೆ ಎಳೆಯಾಗಿ ಹಾಕಿ ತುಳಿದು ಹದ ಮಾಡಿದೆ. ಅರಳೆಯ ಎಳೆ ಮಣ್ಣನ್ನು ಒಳಗಿನಿಂದ ಹಿಡಿದುಕೊಳ್ಳುತ್ತದೆ. ಐದು ಕಿಲೊ ಒಣಮಣ್ಣು ಎಂಬ ಲೆಕ್ಕ ಇಲ್ಲಿಂದ ಶುರು.

ಜೂನ್ 25, ಮಣ್ಣೆತ್ತಿನ ಅಮಾವಾಸ್ಯೆ

ಜೋಡಿ ಎತ್ತು, ಅವುಗಳ ಮುಂದೆ ಮೇವು ಹಾಕುವ ಗ್ವಾದಲಿ. ಹಸಿಯಾಗಿದ್ದಾಗ ಒಂಬತ್ತು ಸೆಂಟಿಮೀಟರ್ ಉದ್ದವಿದ್ದ ಎತ್ತು ನೆರಳಲ್ಲಿ ಆರು ದಿನ ಆರಿದ ಮೇಲೆ ಎಂಟೂಕಾಲಕ್ಕೆ ಇಳಿದಿತ್ತು. ಬಿರುಕು ಬರಲಿಲ್ಲ. ಎಡಗಡೆಯದು ಸಾಧಾರಣ, ಬಲಗಡೆಯದರ ಹೆಗಲ ಮೇಲಿನ ಡುಬ್ಬ, ಅಂದರೆ ಇಣಿ ಮಾತ್ರ ಕೊಂಚ ಹಿಂದಕ್ಕೆ ವಾಲಿ, ಕುತ್ತಿಗೆಯ ಕೆಳಗಿನ ಗಂಗೆದೊಗಲು ಅಲೆಯಾಗಿ ಇಳಿದು, ಈಗಲೇ ನೊಗಕ್ಕೆ ಹೆಗಲು ಕೊಡುವಂತೆ ಬಂದಿತ್ತು. ಪೂಜೆಯ ಹೊತ್ತಿಗೆ ನಾನು ಕೈ ಮುಗಿದದ್ದು ಎತ್ತಿಗೋ, ಎತ್ತು ಮಾಡಿದ ನನ್ನ ಕೈಗೋ ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಂಡರೆ ಉತ್ತರ ಹೇಳುವುದು ಕಷ್ಟ. ಅಕ್ಕಪಕ್ಕದವರು ಬಂದು ನೋಡಿ ಹೋದರು. ಅದನ್ನೂ ಎಣಿಸಿದೆ: ಏಳು ಜನ.

ಜೂನ್ 26

ಅಮಾವಾಸ್ಯೆಯ ಮರುದಿನ ಹುಡುಗರು ಒಂದು ಎತ್ತಿನ ಕಾಲು ಮುರಿದು ಅದನ್ನು ಕುಂಟೆತ್ತು ಮಾಡಿ, ಮನೆ ಮನೆಗೆ ಹೊತ್ತು ತಿರುಗಿ ಜೋಳ ಬೇಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಆಟ. ನನಗೆ ಅದು ಗೊತ್ತಿತ್ತು. ಚಿಕ್ಕವಳಿದ್ದಾಗ ನಾನೂ ತಮ್ಮನ ಹಿಂದೆ ಚೀಲ ಹಿಡಿದು ಓಡಿದವಳೇ. ಆದರೂ ಬೆಳಿಗ್ಗೆ ಒಂಬತ್ತು ವರ್ಷದ ತಮ್ಮನ ಮಗ ದೇವರ ಮನೆಯಿಂದ ಬಲಗಡೆಯ ಎತ್ತನ್ನೇ ಎತ್ತಿಕೊಂಡು ಪಡಸಾಲೆಗೆ ಬಂದು, ಮುಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ಪಟ್ಟನೆ ಮುರಿದಾಗ ನನ್ನ ಬಾಯಿಂದ ಹೊರಟ ದನಿ ಓಣಿಗೆ ಕೇಳಿಸುವಷ್ಟಿತ್ತು. ಇನ್ನೊಂದು ಎತ್ತು ಇರಲಿಲ್ಲವೇ, ಇದೇ ಬೇಕಿತ್ತೇ ಎಂದು ಗದರಿದೆ. ಹುಡುಗ ಹೆದರಿ ಒಂದು ಕ್ಷಣ ನಿಂತ. ಆಮೇಲೆ, “ಅತ್ತಿ, ನೀನ ಇದನ್ನ ಇವತ್ತ ಬಕೀಟ್ನ್ಯಾಗ ಬಿಡಾಕಿ ಇದ್ದೆಲ್ಲಾ?” ಎಂದ.

ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನೇ ಕರಗಿಸಲು ಹೊರಟದ್ದನ್ನು ಅವನು ಮೂರು ತಾಸು ಮೊದಲು ಕುಂಟಾಗಿಸಿದ್ದ, ಅಷ್ಟೇ. ಕರಗಿಸುವುದಾದರೆ ನನ್ನ ಕೈಯಿಂದ, ನಾನು ಗೊತ್ತುಮಾಡಿದ ಹೊತ್ತಿಗೆ, ನಾಲ್ಕು ಜನ ನೋಡಿ ಹೋದ ಮೇಲೆ ಆಗಬೇಕು ಎಂಬ ಒಳಗಿನ ಕರಾರು ಆ ಒಂದು ಪಟ್ಟನೆಯ ಸದ್ದಿಗೆ ಹೊರಬಿತ್ತು. ಅನಿತ್ಯವನ್ನು ಒಪ್ಪಿಕೊಂಡಿದ್ದೇನೆ ಎಂದು ತಿಳಿದಿದ್ದೆ. ನಾನು ಒಪ್ಪಿಕೊಂಡಿದ್ದದ್ದು ನನ್ನ ಅಪ್ಪಣೆ ಪಡೆದು ಬರುವ ಅನಿತ್ಯವನ್ನು. ಹುಡುಗನನ್ನು ಕರೆದು ತಲೆ ಸವರಿ, ಚೀಲಕ್ಕೆ ಮೊದಲ ಬೊಗಸೆ ಜೋಳವನ್ನು ನಾನೇ ಹಾಕಿದೆ. ಸಂಜೆ ಕುಂಟೆತ್ತು ಮರಳಿ ಬಂದು ಅದರ ಜೋಡಿಯ ಜೊತೆಗೇ ನೀರಿಗಿಳಿಯಿತು. ಪೂರಾ ಒಣಗಿದ್ದರಿಂದ, ಗುಳ್ಳೆಗಳನ್ನು ಬಿಡುತ್ತಾ ಅರ್ಧ ತಾಸಿನಲ್ಲಿ ಎರಡೂ ಕೆಸರಾದವು.

ಜುಲೈ 7

ಸೋಮವಾರ, ಮಠ. 1929ರಲ್ಲಿ ಸಮಾಧಿಸ್ಥರಾದ ಸಿದ್ಧಾರೂಢರ ಗದ್ದುಗೆಯ ದರ್ಶನ ಮಾಡಿ ಶಾಸ್ತ್ರಕ್ಕೆ ಕುಳಿತೆ. ಹಿಂದೆ ಎಷ್ಟೋ ಸಲ ಕೇಳಿದ ವಿಷಯವೇ ಅಂದೂ ಬಂದಿತು. ಮನಸ್ಸು ಸಂಶಯಪಡುತ್ತದೆ, ಬುದ್ಧಿ ನಿಶ್ಚಯಿಸುತ್ತದೆ, ಚಿತ್ತ ನೆನೆಯುತ್ತದೆ, ಅಹಂಕಾರವು ‘ನಾನು ಮಾಡಿದೆ’ ಎನ್ನುತ್ತದೆ; ನಾಲ್ಕೂ ಒಂದೇ ಅಂತಃಕರಣದ ನಾಲ್ಕು ಕೆಲಸಗಳು. ಗಾಢನಿದ್ರೆಯಲ್ಲಿ ಆ ‘ನಾನು ಮಾಡಿದೆ’ ಎನ್ನುವುದು ಇರುವುದಿಲ್ಲ, ಎಚ್ಚರವಾದೊಡನೆ ಹೆಸರು, ಊರು, ಮಾನ, ಅವಮಾನಗಳನ್ನೆಲ್ಲ ಹೊತ್ತುಕೊಂಡು ಏಳುತ್ತದೆ.

ಕುಂಟೆತ್ತಿನ ಪ್ರಸಂಗ ಹಸಿಯಾಗಿದ್ದುದರಿಂದ ಈ ಸಲ ಆ ಮಾತು ಬೇರೆ ರೀತಿ ತಾಗಿತು. ಅಹಂಕಾರವನ್ನು ನಾನು ಇಷ್ಟು ದಿನ ಒಳಗೆ ಗಟ್ಟಿಯಾಗಿ ಕೂತ ಬಂಡೆ ಎಂದು ಭಾವಿಸಿ, ಅದನ್ನು ಒಡೆಯಬೇಕು, ಕರಗಿಸಬೇಕು ಎಂದು ಹಟ ಹಿಡಿದಿದ್ದೆ. ಪ್ರತಿ ರಾತ್ರಿ ತಾನಾಗಿಯೇ ಅಡಗಿ ಬೆಳಿಗ್ಗೆ ತಾನಾಗಿಯೇ ಏಳುವ ವಸ್ತು ಬಂಡೆ ಹೇಗಾದೀತು? ಅನಿತ್ಯವಾದವುಗಳ ಪಟ್ಟಿಯಲ್ಲಿ ದೇಹ, ದುಡ್ಡು, ಬಂಧುಬಳಗ ಎಲ್ಲವನ್ನೂ ಬರೆದುಕೊಂಡು, ಪಟ್ಟಿ ಬರೆಯುತ್ತಿರುವ ‘ನಾನು’ ಒಂದನ್ನೇ ಅದರಿಂದ ಹೊರಗಿಟ್ಟಿದ್ದೆನಲ್ಲ ಎನ್ನಿಸಿತು. ಇನ್ನೊಂದು ಮಾತು: ಅದನ್ನು ಕರಗಿಸಿಬಿಡುತ್ತೇನೆ ಎಂದು ಮೊದಲ ಪುಟದಲ್ಲಿ ಬರೆದವರು ಯಾರು? ಅದೇ ಅಹಂಕಾರ. ನೀರಿಲ್ಲದೆ ಮಣ್ಣು ಎತ್ತಾಗುವುದಿಲ್ಲ. ‘ನಾನು ಮಾಡುತ್ತೇನೆ’ ಎನ್ನುವುದಿಲ್ಲದೆ ಬೆಳಿಗ್ಗೆ ಎದ್ದು ಮಣ್ಣು ತುಳಿಯುವುದೂ ಆಗುವುದಿಲ್ಲ. ನೀರನ್ನು ಬಿಸಿಲಿಗೆ ಹಿಡಿದು ಓಡಿಸಲು ಹೋಗಿ ಮೊದಲ ಎತ್ತನ್ನು ಒಡೆದುಕೊಂಡದ್ದು ಬಸ್ಸಿನಲ್ಲಿ ಧಾರವಾಡಕ್ಕೆ ಮರಳುವಾಗ ನವಲೂರು ದಾಟುವವರೆಗೂ ಮನಸ್ಸಿನಲ್ಲೇ ಇತ್ತು.

ಜುಲೈ 22

ಆಷಾಢದ ಕೊನೆಯ ಮಂಗಳವಾರ. ಇದು ನಾಲ್ಕನೆಯ ಗುಳ್ಳವ್ವ. ಓಣಿಯ ಹೆಣ್ಣುಮಕ್ಕಳು ಬಂದು ಗುಲಗಂಜಿ, ಕುಸುಬಿ, ಜೋಳದ ಕಾಳು ಚುಚ್ಚಿ ಸಿಂಗರಿಸಿದರು. ಕಾಳುಗಳನ್ನು ಸಾಲಾಗಿ ಕೂರಿಸಿರೆಂದು ಹೇಳಬೇಕೆನಿಸಿತು, ಹೇಳಿದೆ. ಇಬ್ಬರು ಕೇಳಿದರು, ಮೂವರು ಕೇಳಲಿಲ್ಲ. ಕರಗಿಸುವಾಗ ಕಾಳು ಆರಿಸುವುದು ದೊಡ್ಡ ಕೆಲಸ; ಗುಲಗಂಜಿ ವಿಷದ ಬೀಜವಾದ್ದರಿಂದ ಒಂದೊಂದನ್ನೂ ಎಣಿಸಿ ತೆಗೆದೆ.

ಜುಲೈ 29, ನಾಗರ ಪಂಚಮಿ

ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು. ದೇವರ ಪಾಲು, ಗುರುವಿನ ಪಾಲು, ಹಿರಿಯರ ಪಾಲು ಎಂದು ಒಬ್ಬೊಬ್ಬರ ಹೆಸರು ಹೇಳಿ ಹಾಲೆರೆಯುವಾಗ ಮಣ್ಣಿನ ನಾಗಪ್ಪನ ಹೆಡೆ ನೋಡನೋಡುತ್ತಿದ್ದಂತೆಯೇ ಮೆತ್ತಗಾಗಿ, ಹಾಲು ಇಳಿದ ದಾರಿಯಲ್ಲಿ ಸಣ್ಣ ಕಾಲುವೆ ಬಿದ್ದಿತು. ಪೂಜೆಯೇ ಮೂರ್ತಿಯನ್ನು ಕರಗಿಸುವ ಹಬ್ಬ ಇದೊಂದೇ ಇರಬೇಕು. ತೀರಿಕೊಂಡ ಅವ್ವನ ಪಾಲು ಎರೆಯುವಾಗ ಕಣ್ಣು ತುಂಬಿತು. ಅದನ್ನು ತಡೆಯಲು ಹೋಗಲಿಲ್ಲ.

ಆಗಸ್ಟ್ 31

ಗಣಪ್ಪನ ಬಗ್ಗೆ ವಿವರವಾಗಿ ಬರೆಯಬೇಕು. ಆಗಸ್ಟ್ 10ಕ್ಕೆ ಶುರು ಮಾಡಿದ್ದೆ. ಎತ್ತು, ನಾಗಪ್ಪಗಳಿಗೆ ಹೋಲಿಸಿದರೆ ಅವನು ದೊಡ್ಡವನು. ಹೊಟ್ಟೆಯಲ್ಲೇ ಒಂದು ಕಿಲೊ ಮಣ್ಣು. ಸೊಂಡಿಲು ಮನಸ್ಸಿಗೆ ಬರಲಿಲ್ಲ. ದಿನವೂ ತೊಯ್ಸಿದ ಬಟ್ಟೆ ಹೊದಿಸಿಟ್ಟು, ದಿನವೂ ಬಿಚ್ಚಿ, ಸೊಂಡಿಲಿನ ತಿರುವನ್ನು ಒಂದು ಕೂದಲೆಳೆಯಷ್ಟು ಆ ಕಡೆ ಈ ಕಡೆ ಸರಿಸಿ, ಮತ್ತೆ ಹೊದಿಸಿಡುತ್ತಿದ್ದೆ. ಚೌತಿ 27ಕ್ಕೆ, ಬಟ್ಟೆಯನ್ನು ಪೂರ್ತಿ ತೆಗೆದದ್ದು 26ರ ಸಂಜೆ. ಅಂದರೆ ಆರಲು ಬಿಡಲೇ ಇಲ್ಲ. ನೋಡಿದವರೆಲ್ಲ ಮೆಚ್ಚಿದರು, ನನಗೂ ಸಮಾಧಾನವಾಯಿತು.

ಐದನೆಯ ದಿನವಾದ ಇಂದು ಬಕೆಟ್ಟಿನಲ್ಲಿ ಇಳಿಸಿದೆ. ಕಿವಿ, ಕೈ, ಕಿರೀಟದ ತುದಿ ಬೇಗ ಉದುರಿದವು. ಹೊಟ್ಟೆ ಮಾತ್ರ ಹಾಗೆಯೇ ಕೂತಿತು. ಒಂದು ತಾಸಾಯಿತು, ಎರಡು ತಾಸಾಯಿತು, ರಾತ್ರಿಯಾಯಿತು. ಕೈ ಹಾಕಿ ನೋಡಿದರೆ ಮೇಲೆ ನುಣುಪಾದ ಜಾರು, ಒಳಗೆ ಗಟ್ಟಿ ಮುದ್ದೆ. ಕುಂಬಾರ ಓಣಿಯ ಆಯಿಗೆ ಫೋನ್ ಮಾಡಿ ಕೇಳಿದೆ. “ಹಸಿ ಇದ್ದದ್ದು ಕರಗೂದಿಲ್ಲವ್ವಾ. ಪೂರಾ ಒಣಗಿದ್ದ ಕರಗತೈತಿ” ಎಂದರು.

ಮಣ್ಣಿನ ಗುಣ ಹಾಗೆಯೇ ಇದೆ. ಪೂರ್ತಿ ಒಣಗಿದ ಮಣ್ಣಿನ ಕಣಗಳ ನಡುವೆ ಗಾಳಿ ತುಂಬಿದ ಸಂದುಗಳಿರುತ್ತವೆ. ನೀರು ಆ ಸಂದುಗಳಿಗೆ ನುಗ್ಗಿ, ಒಳಗೆ ಸಿಕ್ಕ ಗಾಳಿ ಒತ್ತಿಕೊಂಡು ಹೊರಬರಲು ಹೊರಟಾಗ ಮಣ್ಣು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಎತ್ತುಗಳು ಬಿಟ್ಟ ಗುಳ್ಳೆಗಳು ಆ ಗಾಳಿಯವೇ. ಅರೆಹಸಿ ಮಣ್ಣಿನಲ್ಲಿ ಸಂದುಗಳು ಮೊದಲೇ ನೀರಿನಿಂದ ತುಂಬಿರುವುದರಿಂದ ಹೊಸ ನೀರಿಗೆ ಒಳಗೆ ಹೋಗಲು ದಾರಿಯಿರುವುದಿಲ್ಲ. ಹದಿನೇಳು ದಿನ ತೊಯ್ಸಿದ ಬಟ್ಟೆ ಹೊದಿಸಿ, ಇನ್ನೂ ಮುಗಿದಿಲ್ಲ, ಇನ್ನೂ ತಿದ್ದಬೇಕು ಎಂದು ಹಿಡಿದಿಟ್ಟುಕೊಂಡದ್ದೇ ನೀರಿನಲ್ಲೂ ಬಿಡಲಿಲ್ಲ.

ಈ ಒಂದು ಸಂಗತಿಗಾಗಿಯೇ ಇಡೀ ವರ್ಷದ ಕೆಲಸ ಸಾರ್ಥಕವೆಂದು ನನಗೆ ಅನ್ನಿಸುತ್ತಿದೆ. ಮನೆತನ, ಹೆಸರು, ಕೈಚಳಕ ಎಂದು ನನ್ನೊಳಗೆ ಏನೇನನ್ನು ಹೀಗೆ ದಿನವೂ ಬಿಚ್ಚಿ ತಿದ್ದಿ ಹಸಿಯಾಗಿಟ್ಟಿದ್ದೇನೆ ಎಂದು ರಾತ್ರಿ ಬಹಳ ಹೊತ್ತು ಯೋಚಿಸಿದೆ. ಬಕೆಟ್ಟಿನಲ್ಲಿ ಕೈಯಾಡಿಸಿ ಮುದ್ದೆಯನ್ನು ಹಿಸುಕಿ ಒಡೆಯಬಹುದಿತ್ತು. ಒಡೆಯಲಿಲ್ಲ. ಹೊರತೆಗೆದು, ತಟ್ಟೆಯಲ್ಲಿಟ್ಟು, ಹಿತ್ತಲಿನ ನೆರಳಿನಲ್ಲಿ ಆರಲು ಬಿಟ್ಟೆ.

ಸೆಪ್ಟೆಂಬರ್ 7, ಹುಣ್ಣಿಮೆ

ಐದನೆಯ ಮೂರ್ತಿ ನಾನು ಮಾಡುವಂಥದ್ದಲ್ಲ. ಜೋಕುಮಾರನನ್ನು ಬುಟ್ಟಿಯಲ್ಲಿ, ಬೇವಿನ ಸೊಪ್ಪಿನ ನಡುವೆ ಕೂರಿಸಿ, ಬಾಯಿಗೆ ಬೆಣ್ಣೆ ಸವರಿ ಹೊತ್ತು ತರುವುದು ಗಂಗಾಮತಸ್ಥ ಮನೆತನದ ಹೆಣ್ಣುಮಕ್ಕಳ ಹಕ್ಕು. ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಗೆ ಸಾಯುವ ದೇವರು ಅವನು. ಗಣಪ್ಪ ಹೊಟ್ಟೆ ತುಂಬ ಉಂಡು ಹೋಗಿ ಭೂಲೋಕದಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದು ಹೇಳುತ್ತಾನಂತೆ. ಇವನು ಕೆಸರು ತುಳಿದು ಬಡವರ ಹೊಲ ನೋಡಿ ಹೋಗಿ, ಇದ್ದದ್ದನ್ನು ಇದ್ದಂತೆ ಹೇಳಿ ಮಳೆ ತರಿಸುತ್ತಾನಂತೆ. ಮೊನ್ನೆ ನಮ್ಮ ಓಣಿಗೆ ಬಂದಾಗ ಮೊರದಲ್ಲಿ ಜೋಳ ಕೊಟ್ಟು, ಅವರು ಕೊಟ್ಟ ಬೇವಿನೆಲೆ, ಕಾಡಿಗೆ ಇಸಿದುಕೊಂಡೆ. ಬುಟ್ಟಿಯೊಳಗಿನ ಮುಖವನ್ನು ಹತ್ತಿರದಿಂದ ನೋಡಿದೆ: ಅಗಲ ಕಣ್ಣು, ತೆರೆದ ಬಾಯಿ, ಹೆಬ್ಬೆರಳು ಒತ್ತಿದ ಗುರುತು ಕೆನ್ನೆಯ ಮೇಲೆ ಹಾಗೆಯೇ. ಮಾಡಿದವರು ಯಾರೆಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಐದು ಮೂರ್ತಿಗಳನ್ನೂ ನಾನೇ ಮಾಡುತ್ತೇನೆ ಎಂಬ ಲೆಕ್ಕ ನಾಲ್ಕಕ್ಕೆ ನಿಂತಿತು, ಅದು ಸರಿಯಾದ ಜಾಗದಲ್ಲಿಯೇ ನಿಂತಿತು.

ಈ ಸಲದ ಹುಣ್ಣಿಮೆಗೆ ಪೂರ್ಣ ಚಂದ್ರಗ್ರಹಣವೂ ಕೂಡಿದೆ, ರಾತ್ರಿ 11ರಿಂದ ಹನ್ನೆರಡೂವರೆಯ ಹತ್ತಿರದವರೆಗೆ. ಅವ್ವ ಇದ್ದಿದ್ದರೆ ಗ್ರಹಣಕ್ಕೆ ಮೊದಲೇ ಊಟ ಮುಗಿಸಿರೆಂದು ಗದರುತ್ತಿದ್ದಳು.

ಸೆಪ್ಟೆಂಬರ್ 14

ಗಣಪ್ಪನ ಹೊಟ್ಟೆ ಪೂರ್ತಿ ಆರಿ ಬಣ್ಣ ತಿಳಿಯಾಗಿತ್ತು. ಬೆಳಿಗ್ಗೆ ನೀರಿಗೆ ಬಿಟ್ಟೆ. ಸಣ್ಣ ಗುಳ್ಳೆಗಳ ಸಾಲು ಎದ್ದಿತು, ಅಂಚಿನಿಂದ ಪದರು ಪದರಾಗಿ ಬಿಚ್ಚಿತು, ಚಹಾ ಕುಡಿದು ಬರುವಷ್ಟರಲ್ಲಿ ತಳದಲ್ಲಿ ಕೆಸರಿತ್ತು. ನಾನು ಮುಟ್ಟಲಿಲ್ಲ.

ಈವರೆಗೆ ಒಣಗಿಸಿ ತೂಗಿದ್ದು ಮೂರು ಕಿಲೊ ಆರುನೂರು ಗ್ರಾಂ. ಉಳಿದದ್ದು ತಿಳಿನೀರಿನ ಜೊತೆಗೆ ತುಳಸಿಗೆ, ದಾಸವಾಳಕ್ಕೆ, ನಾಗಪ್ಪನ ಹಾಲಿನ ಜೊತೆಗೆ ಹಿತ್ತಲಿಗೆ, ಒಂದಿಷ್ಟು ನನ್ನ ಉಗುರಿನ ಸಂದಿಗೆ ಹೋಗಿದೆ. ಇದನ್ನು ಗೋಣಿಚೀಲದಲ್ಲಿ ಕಟ್ಟಿ ಮುಂದಿನ ಜ್ಯೇಷ್ಠದವರೆಗೆ ಇಡಬೇಕೆಂದಿದ್ದೆ. ಅಷ್ಟರಲ್ಲಿ ತಮ್ಮನ ಮಗ ಬಂದು ಒಂದು ಮುದ್ದೆ ಕೇಳಿದ. ನೀರು ಹಾಕಿ ಕಲಸಿ ಕೊಟ್ಟೆ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಎತ್ತು ಮಾಡಲು ಹತ್ತಿದ. ಇಣಿಯನ್ನು ಕುತ್ತಿಗೆಯ ಮೇಲೆ ತೀರ ಮುಂದಕ್ಕೆ ಕೂರಿಸಿದ್ದ. ಹಂಗಲ್ಲಪ್ಪಾ, ಸ್ವಲ್ಪ ಹಿಂದಕ್ಕ ವಾಲಿಸು ಎನ್ನುತ್ತಾ ನನ್ನ ಕೈ ಮುಂದೆ ಹೋಯಿತು. ಹೋಗುವಾಗಲೇ ಹೋಗುತ್ತಿರುವುದು ಕಾಣಿಸಿತು. ಅವನು ತಲೆ ಎತ್ತದೆ ಎತ್ತನ್ನು ತನ್ನ ತೊಡೆಯ ಆ ಬದಿಗೆ ಸರಿಸಿಕೊಂಡು ಕೆಲಸ ಮುಂದುವರಿಸಿದ.