ಹಳೇ ಅಳತೆಯ ಚಿಪ್ಪೇ ನಮಗೆ ಬೇಕಾದ್ದು

2021ರ ಯುಗಾದಿ ಕಳೆದಿತ್ತಷ್ಟೆ. ಶಿರಸಿ ಹತ್ತಿರದ ನಮ್ಮ ತೋಟದಲ್ಲಿ ಮೊದಲ ಗುಡುಗಿಗೇ ಪಂಪಿನ ಕಂಟ್ರೋಲ್ ಬೋರ್ಡ್ ಸುಟ್ಟುಹೋಯಿತು. ಹೊಸ ವಿಷಯವೇನಲ್ಲ. ರಿಪೇರಿಯವರು ಮೈಕ್ರೋಕಂಟ್ರೋಲರ್ ಅನ್ನೋ ಒಂದು ಚಿಪ್ ಬದಲಾಯಿಸಿ ಕೊಡುತ್ತಿದ್ದರು, ಸಂಜೆಗೆ ಅಡಿಕೆ ಮರಗಳಿಗೆ ನೀರು. ಆ ಸಲ ಚಿಪ್ಪೇ ಇಲ್ಲ. ಹುಬ್ಬಳ್ಳಿಯಲ್ಲೂ ಇಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಇಲ್ಲ. ಉಗುರಿನಷ್ಟಗಲದ ಒಂದು ಕರಿ ತುಂಡಿಗಾಗಿ ವಾರಗಟ್ಟಲೆ ಕಾದೆವು, ಅಷ್ಟರಲ್ಲಿ ಎಳೆ ಗಿಡಗಳು ಬಾಡಿದವು.

ಅದಕ್ಕೇ ಯಾರಾದರೂ "ತೈವಾನಿನವರು 3 ನ್ಯಾನೋಮೀಟರ್ ಮಾಡ್ತಾರೆ, ನಾವು ಗುಜರಾತಿನ ಧೋಲೇರಾದಲ್ಲಿ 28ರಿಂದ ಶುರು ಮಾಡೋದಾ" ಅಂದರೆ ನನಗೆ ಬೇಸರವಾಗುತ್ತದೆ. ಈ ನ್ಯಾನೋಮೀಟರ್ ಅನ್ನೋದು ಚಿಪ್ ತಂತ್ರಜ್ಞಾನದ ಅಳತೆ, ಸಂಖ್ಯೆ ಸಣ್ಣದಾದಷ್ಟೂ ಹೊಸದು. ಪಂಪು, ಕಾರು, ಫ್ರಿಜ್ಜು, ಕರೆಂಟ್ ಮೀಟರ್, ಇವುಗಳೊಳಗೆ ಜಾಸ್ತಿ ಇರುವುದು ಹಳೇ ಅಳತೆಯ ಚಿಪ್‌ಗಳೇ. ಆ ವರ್ಷ ಕಾರು ಕಾರ್ಖಾನೆಗಳನ್ನು ನಿಲ್ಲಿಸಿದ್ದೂ ಇವುಗಳ ಕೊರತೆಯೇ ಅಲ್ವಾ? 2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಚಿಪ್ ತಯಾರಿಕೆಗೆ 76,000 ಕೋಟಿಯ ಯೋಜನೆ ತಂದಾಗ 28 ಮತ್ತು ಅದಕ್ಕಿಂತ ಸಣ್ಣ ಅಳತೆಗೆ ಮಾತ್ರ ಫ್ಯಾಬ್, ಅಂದರೆ ಚಿಪ್ ಕಾರ್ಖಾನೆ, ಕಟ್ಟುವ ಅರ್ಧ ಖರ್ಚು ಕೊಡುತ್ತೇವೆ, ದೊಡ್ಡದಕ್ಕೆ ಕಡಿಮೆ ಎಂದಿತ್ತು. 2022ರ ಸೆಪ್ಟೆಂಬರಿನಲ್ಲಿ ಅದನ್ನು ತಿದ್ದಿ ಎಲ್ಲ ಅಳತೆಗೂ ಅರ್ಧ ಖರ್ಚು ಎಂದರು. ಇಡೀ ಯೋಜನೆಯಲ್ಲಿ ನನಗೆ ತುಂಬಾ ಹಿಡಿಸಿದ ತೀರ್ಮಾನ ಇದು. ಧೋಲೇರಾದಲ್ಲಿ ಟಾಟಾದವರು ತೈವಾನಿನ ಚಿಪ್ ಕಂಪನಿ ಪಿಎಸ್‌ಎಂಸಿ ಜೊತೆ ಕಟ್ಟುತ್ತಿರುವ 91,000 ಕೋಟಿಯ ಫ್ಯಾಬ್‌ನಲ್ಲಿ 28 ಅಷ್ಟೇ ಅಲ್ಲ, 110ರವರೆಗಿನ ಅಳತೆಗಳೂ ಇವೆ.

ಪಂಜಾಬಿನ ಮೊಹಾಲಿಯನ್ನೇ ನೋಡಿ. ಎಂಬತ್ತರ ದಶಕದಲ್ಲೇ ಅಲ್ಲಿನ ಸರಕಾರಿ ಕಾರ್ಖಾನೆಯಲ್ಲಿ ಚಿಪ್ ಮಾಡುತ್ತಿದ್ದರು, 1989ರ ಬೆಂಕಿ ಎಲ್ಲವನ್ನೂ ಹಿಂದಕ್ಕೆ ತಳ್ಳಿತು. ಅದೇ ಜಾಗದಲ್ಲಿ ಈಗ 180 ನ್ಯಾನೋಮೀಟರಿನಲ್ಲಿ ವಿಕ್ರಮ್ 3201 ತಯಾರಾಗಿದೆ, ರಾಕೆಟ್ ನಡೆಸುವ ಚಿಪ್ ಅದು. ರಾಕೆಟ್ಟಿಗೆ ಸಾಕಾಗುವ ಅಳತೆ ನಮ್ಮ ಪಂಪಿಗೆ ಸಾಲದೇ?

ನನಗಿರುವ ಚಿಂತೆ ಬೇರೆ. ಫ್ಯಾಬ್ ಕಟ್ಟಿದ ಮೇಲೆ ಕೊಳ್ಳುವವರು ಯಾರು? ಹಳೇ ಅಳತೆಯ ಚಿಪ್‌ಗಳನ್ನು ಚೀನಾ ರಾಶಿ ರಾಶಿ ಮಾಡುತ್ತಿದೆ, ಅಗ್ಗಕ್ಕೆ ಕೊಡುತ್ತದೆ. ಸುಮ್ನೆ ಸಬ್ಸಿಡಿ ಕೊಟ್ಟು ಕೂತರೆ ಆಗುವುದಿಲ್ಲ. ದೇಶದಲ್ಲಿ 25 ಕೋಟಿ ಸ್ಮಾರ್ಟ್ ಮೀಟರ್ ಹಾಕುವ ಗುರಿಯಿದೆ, ಕಾರವಾರದ ಮನೆಗೂ ಶಿರಸಿಯ ತೋಟಕ್ಕೂ ಬರುವಂಥವು. ಇನ್ನು ಮುಂದೆ ಕರೆಯುವ ಟೆಂಡರಿನಲ್ಲಿ ಇಷ್ಟು ಪಾಲು ಮೀಟರಿಗೆ ಇಲ್ಲೇ ಮಾಡಿದ ಚಿಪ್ ಇರಬೇಕು ಎಂದು ಈಗಲೇ ಬರೆದುಬಿಡಲಿ.