ಅಮ್ಮನ ಹೆಸರಿನ ಬಾಕಿ

8 ಜುಲೈ 2025, ಮಂಗಳವಾರ

ಫೋನ್ ಬಿಲ್ ಬಾಕಿ ಇದ್ದರೆ ಪೊಲೀಸರು ಮನೆಗೆ ಬರುತ್ತಾರೆಯೇ ಎಂದು ಅಮ್ಮ ಸಂಜೆ ಕೇಳಿದಳು. ಹಗಲೆಲ್ಲ ಇದನ್ನೇ ನುಂಗಿಕೊಂಡು ಕುಳಿತಿದ್ದಾಳೆ ಎಂಬುದು ಕೇಳಿದ ರೀತಿಯಲ್ಲೇ ಗೊತ್ತಾಯಿತು. ಕೆಲವು ದಿನಗಳಿಂದ ವಸೂಲಿ ಏಜೆನ್ಸಿಯವರ ಕರೆ ಬರುತ್ತಿದೆಯಂತೆ. ಹಳೆಯ ಪೋಸ್ಟ್‌ಪೇಯ್ಡ್ ಬಿಲ್, 2019ರ ಮೇ ತಿಂಗಳದು. ಈ ವಾರದೊಳಗೆ ಅರ್ಧ ಕಟ್ಟಿದರೆ ಉಳಿದದ್ದು ಮನ್ನಾ, ಇಲ್ಲವಾದರೆ ಕೋರ್ಟ್ ನೋಟಿಸ್. ಆ ಅರ್ಧವನ್ನು ಅಮ್ಮ ಆಗಲೇ ಎತ್ತಿಟ್ಟಿದ್ದಳು.

ಯಾರಿಗೂ ಒಂದು ಕಾಸು ಉಳಿಸಿಕೊಂಡವಳಲ್ಲ ಅವಳು. ಗಡುವಿಗೆ ಮೊದಲೇ ಬಿಲ್ ಕಟ್ಟಿ, ರಸೀದಿಗಳನ್ನು ಕವರಿನಲ್ಲಿಟ್ಟು, ಮೇಲೆ ವರ್ಷ ಬರೆದಿಡುವವಳು. ಅಂಥವಳ ಬಾಯಲ್ಲಿ ಪೊಲೀಸರ ಮಾತು ಬರುವಂತೆ ಮಾಡಿದವರ ಮೇಲಿನ ಕೋಪ ಇದನ್ನು ಬರೆಯುವಾಗಲೂ ಇಳಿದಿಲ್ಲ. ಬಿಲ್ ಬಾಕಿ ಎಂಬುದು ಸಿವಿಲ್ ವ್ಯವಹಾರ, ಪೊಲೀಸರಿಗೆ ಅಲ್ಲಿ ಕೆಲಸವಿಲ್ಲ ಎಂದು ಹೇಳಿದೆ. ನಂಬಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಮತ್ತೆ ಕರೆ ಬಂತು. ಫೋನನ್ನು ನಾನೇ ತೆಗೆದುಕೊಂಡೆ.

ಎಳೆಯ ದನಿ. ಬಾಯಿಪಾಠ ಒಪ್ಪಿಸುವ ಹಾಗೆ ಶುರುಮಾಡಿದ: "ಮೇಡಂ, ಬಿಲ್ ಕಟ್ಟದೆ ಈ ನಂಬರಿನ ಸಂಪರ್ಕ ಕಡಿತವಾಗಿದೆ."

"ನೀವು ಈಗ ಕರೆ ಮಾಡಿರುವುದು ಯಾವ ನಂಬರಿಗೆ?"

ಉತ್ತರವಿಲ್ಲ. ಕರೆ ಬಂದಿದ್ದು ಅದೇ ನಂಬರಿಗೆ! 2018ರ ಡಿಸೆಂಬರ್‌ನಲ್ಲಿ ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದ್ದೆವು. ಹೊಸ ಕಂಪನಿಯ ಮೊದಲ ಬಿಲ್ ಅಮ್ಮನ ಕವರಿನಲ್ಲೇ ಇದೆ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ ಬಂದದ್ದು 2011ರ ಜನವರಿಯಲ್ಲಿ. ಗಡುವು ಮೀರಿದ ಬಾಕಿ ಇದ್ದರೆ ಹಳೆಯ ಕಂಪನಿ ಆ ಕೋರಿಕೆಯನ್ನು ತಿರಸ್ಕರಿಸಬಹುದು. ಬದಲಾದ ಮೇಲೆ ಬರುವ ಕೊನೆಯ ಬಿಲ್ ಕಟ್ಟದಿದ್ದರೆ, ಹೊಸ ಕಂಪನಿಗೆ ಹೇಳಿ ನಂಬರನ್ನೇ ನಿಲ್ಲಿಸಬಹುದು. ಅಮ್ಮನ ಫೋನ್ ಎಂದೂ ನಿಂತಿಲ್ಲ. ಡಿಸೆಂಬರ್‌ನಲ್ಲೇ ಬಿಟ್ಟುಬಂದ ಗ್ರಾಹಕರಿಗೆ ಮೇ ತಿಂಗಳಲ್ಲಿ ಎಂಥ ಬಿಲ್? ಅದರ ಪ್ರತಿ ಕಳಿಸಿ ಎಂದೆ.

"ಬಿಲ್ ನಮ್ಮ ಬಳಿ ಇರುವುದಿಲ್ಲ ಮೇಡಂ. ಹೆಸರು, ನಂಬರ್, ತಾರೀಕು, ಮೊತ್ತ, ಇಷ್ಟೇ ಕಾಣುವುದು."

ಬಿಲ್ಲನ್ನೇ ನೋಡದೆ ಒಬ್ಬ ಹೆಂಗಸನ್ನು ದಿನಗಟ್ಟಲೆ ಹೆದರಿಸಬಹುದು! ಆಮೇಲೆ ಅವನೇ ದರ ಇಳಿಸಿದ. ಅರ್ಧವೂ ಬೇಡ, ಕಾಲು ಭಾಗ ಸಾಕು, ಸೆಟಲ್‌ಮೆಂಟ್ ಪತ್ರ ವಾಟ್ಸ್‌ಆಪ್‌ನಲ್ಲಿ ಬರುತ್ತದೆ, ಅಮ್ಮನವರ ಸಹಿ ಹಾಕಿಸಿ ಕಳಿಸಿ ಎಂದ.

ಆ ಸಹಿಯೇ ಅಪಾಯ. 1963ರ ಕಾಲಮಿತಿ ಕಾಯ್ದೆಯಂತೆ ಇಂಥ ಬಾಕಿಗೆ ಮೂರು ವರ್ಷದೊಳಗೆ ದಾವೆ ಹೂಡಬೇಕು. ಕೊರೋನಾ ಕಾಲಕ್ಕೆ ಸುಪ್ರೀಂ ಕೋರ್ಟ್ ಕೊಟ್ಟ ವಿನಾಯಿತಿಯನ್ನು ಸೇರಿಸಿದರೂ ಆ ಅವಧಿ ಮುಗಿದಿದೆ. ಆದರೆ ಕಾಲ ಮೀರಿದ ಸಾಲವನ್ನು ತೀರಿಸುತ್ತೇನೆಂದು ಬರೆದು ಸಹಿ ಹಾಕಿದರೆ, 1872ರ ಕರಾರು ಕಾಯ್ದೆಯ 25ನೇ ಕಲಮಿನಂತೆ ಅದು ಹೊಸದಾಗಿ ಊರ್ಜಿತವಾಗುತ್ತದೆ. ಸಹಿ ಇಲ್ಲ, ಹಣವೂ ಇಲ್ಲ, ಏನಿದ್ದರೂ ಬರಹದಲ್ಲಿ ಕಳಿಸಿ ಎಂದು ಹೇಳಿ ಇಟ್ಟೆ.

ತಮ್ಮನಿಗೆ ಹೇಳಿದರೆ, "ಕಾಲು ಭಾಗ ತಾನೇ ಅಕ್ಕ, ಕಟ್ಟಿ ಕೈತೊಳೆದುಕೊಳ್ಳೋಣ" ಎಂದ. ಅವನೊಂದಿಗೆ ಜಗಳವೇ ಆಯಿತು. ನನಗೆ ರಿಯಾಯಿತಿ ಬೇಕಿಲ್ಲ. ಕಾಲ ಮೀರಿತು ಎಂಬ ವಾದವೊಂದನ್ನೇ ಹಿಡಿದು ಕೂರುವ ಮನಸ್ಸೂ ಇಲ್ಲ. ಕೊಡಬೇಕಿತ್ತು, ತಪ್ಪಿಸಿಕೊಂಡರು ಎಂಬ ಅರ್ಥ ಅದರಲ್ಲಿ ಉಳಿದುಬಿಡುತ್ತದೆ. ಈ ಬಾಕಿ ಅಮ್ಮನದಾಗಿರಲೇ ಇಲ್ಲ ಎಂದು ಕಂಪನಿಯೇ ಬರೆದುಕೊಡಬೇಕು.

ರಾತ್ರಿ ಪತ್ರ ಬರೆಯಲು ಕುಳಿತೆ. ಮೇ ತಿಂಗಳ ಬಿಲ್ಲಿನ ಪ್ರತಿ, ಪೋರ್ಟ್ ಆದ ದಿನಾಂಕದ ದಾಖಲೆ, ಏಜೆನ್ಸಿಗೆ ಕೊಟ್ಟ ಅಧಿಕಾರಪತ್ರ ಇವನ್ನು ಕೇಳಿದ್ದೇನೆ. ದೂರು ದಾಖಲಾದದ್ದಕ್ಕೆ ಗುರುತಾಗಿ ಕೊಡುವ ಡಾಕೆಟ್ ನಂಬರ್ ಪಡೆಯಬೇಕು, ಸರಿಯಾದ ಉತ್ತರ ಬಾರದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಈ ಬಾಕಿ ಅಲ್ಲೂ ಸೇರಿದೆಯೇ ಎಂದು ನೋಡಲು ಅಮ್ಮನ ಕ್ರೆಡಿಟ್ ವರದಿಯನ್ನೂ (ಸಾಲ, ಮರುಪಾವತಿಗಳ ದಾಖಲೆ) ತೆಗೆಸಬೇಕು, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ.

ಸಂಪರ್ಕಕ್ಕೆ ನನ್ನ ನಂಬರ್ ಬರೆದಿದ್ದೆ, ಅವಳಿಗೆ ಕರೆ ಬರುವುದು ನಿಲ್ಲಲಿ ಎಂದು. ಓದಿ ನೋಡಿದ ಅಮ್ಮ ಅದನ್ನು ಹೊಡೆದುಹಾಕಿ ತನ್ನದೇ ಬರೆದಳು. ಬಿಲ್ ತನ್ನ ಹೆಸರಿನದಂತೆ, ಬೈದದ್ದು ತನ್ನನ್ನಂತೆ, ತಪ್ಪಾಯಿತು ಎಂದು ಹೇಳುವುದಾದರೆ ತನಗೇ ಹೇಳಲಿ ಅಂತೆ. ಅದೂ ಸರಿಯೇ. ಆದರೆ ನಾಳೆ ನಾನು ಕಚೇರಿಯಲ್ಲಿರುವಾಗ ಆ ಹುಡುಗನೇ ಮತ್ತೆ ಕರೆ ಮಾಡಿದರೆ...